ಪಿಸುಮಾತಿನ ಇಂಗ್ಲಿಷ್

ಹುಡಗಿ ಎಂಬ ಊರಿನ ದೇವಿದಾಸನ ಮಗಳು ವಿಶಾಖಾ, ಹುಮನಾಬಾದಿನ ಕಾಲೇಜಿಗೆ ಬಿ.ಎ. ಸೇರಿದ್ದು 1998ರಲ್ಲಿ. ಅಲ್ಲಿಯವರೆಗೆ ಇಂಗ್ಲಿಷನ್ನು ಬಾಯಿಪಾಠ ಮಾಡಿಯೇ ಪಾಸಾಗುತ್ತ ಬಂದವಳು. ತರಗತಿಯಲ್ಲಿ ಎದ್ದು ಒಂದು ವಾಕ್ಯ ಹೇಳಬೇಕೆಂದರೆ ಸಾಕು, ಹಿಂದಿನ ಬೆಂಚಿನವರು ನಗಲು ತಯಾರಾಗುತ್ತಿದ್ದರು. ಅವಳ ಗೆಳತಿ ರಾಬಿಯಾ ಹುಮನಾಬಾದ್ ಪೇಟೆಯ ದರ್ಜಿಯ ಮಗಳು. ಅವಳ ಪಾಡೂ ಅದೇ.

ಒಂದು ಮಧ್ಯಾಹ್ನ ಬಿಸಿಲಿಗೆ ಸೋತು ಇಬ್ಬರೂ ಲೈಬ್ರರಿ ಹೊಕ್ಕರು. ಗೋಡೆಯ ತುಂಬ ‘ನಿಶ್ಶಬ್ದ’ ಎಂಬ ಬೋರ್ಡು. ಅದನ್ನು ನೋಡುತ್ತಿದ್ದಂತೆಯೇ ವಿಶಾಖಾಳಿಗೆ ತಲೆಯೊಳಗೆ ದೀಪ ಹತ್ತಿದಂತಾಯಿತು.

“ರಾಬಿಯಾ, ಇಂಗ್ಲಿಷ್ ನಾವ್ ಇಲ್ಲೇ ಮಾತಾಡೂಣು. ತಪ್ಪಾದ್ರ ನಿನಗ ನನಗ ಬಿಟ್ರ ಯಾರಿಗೂ ಕೇಳಂಗಿಲ್ಲ.”

“ನನಗ ಕೇಳಿದ್ರೂ ತಪ್ಪಂತ ತಿಳಿಯಂಗಿಲ್ಲ. ಚಿಂತೀನ ಇಲ್ಲ,” ಎಂದಳು ರಾಬಿಯಾ.

ಅಂದಿನಿಂದ ಮೂಲೆಯ ಮೇಜು ಅವರದಾಯಿತು. ಮೊದಲು ಕನ್ನಡ ಪೇಪರಿನಲ್ಲಿ ಸುದ್ದಿ ಓದುವುದು, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪೇಪರಿನಲ್ಲಿ ಹುಡುಕಿ ಹಿಡಿಯುವುದು. ಸಿಕ್ಕ ಪದಕ್ಕೆ ಡಿಕ್ಷನರಿ ತಿರುವುವುದು, ಸಿಗದ ಪದಕ್ಕೆ ಅರ್ಥ ತಾವೇ ಕಟ್ಟುವುದು. ಕಪಾಟಿನ ತಳದಲ್ಲಿ ರಟ್ಟು ಹರಿದ ಸಂಭಾಷಣೆಯ ಪುಸ್ತಕವೊಂದು ಸಿಕ್ಕ ಮೇಲಂತೂ ಅವರನ್ನು ಹಿಡಿಯುವವರೇ ಇಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ, ಹೋಟೆಲಿನಲ್ಲಿ, ಡಾಕ್ಟರ ಬಳಿ ಹೇಗೆ ಮಾತಾಡಬೇಕೆಂದು ಅದರಲ್ಲಿತ್ತು. ಎಲ್ಲವನ್ನೂ ಇಬ್ಬರೂ ಪಿಸುದನಿಯಲ್ಲಿ ಆಡಿ ನೋಡಿದರು.

ಒಂದು ದಿನ ರಾಬಿಯಾ ಡಾಕ್ಟರಾದಳು, ವಿಶಾಖಾ ರೋಗಿ. ಎದೆ ಹಿಡಿದುಕೊಂಡು ಮೇಜಿಗೆ ಒರಗಿ ಅವಳು “ಹೆಲ್ಪ್ ಮಿ ಡಾಕ್ಟರ್, ಐ ಆಮ್ ಡೈಯಿಂಗ್” ಎಂದು ಉಸುರಿದ್ದೇ ತಡ, ಲೈಬ್ರೇರಿಯನ್ ವೈಜನಾಥ ನೀರಿನ ತಂಬಿಗೆ ಹಿಡಿದು ಓಡಿ ಬಂದರು.

“ಏನಾಗ್ಯಾದ ತಂಗಿ? ಯಾರಿಗರೆ ಕರಿಲ್ಯಾ?”

“ಏನಿಲ್ರಿ ಸರ, ಇಂಗ್ಲಿಷ್ ಕಲ್ಯಾಕತ್ತೇವ್ರಿ.”

ವೈಜನಾಥರು ಪುಸ್ತಕ ನೋಡಿದರು, ಹುಡುಗಿಯರನ್ನು ನೋಡಿದರು, ತಂದ ನೀರನ್ನು ತಾವೇ ಕುಡಿದರು. “ಸಾಯೂದಿದ್ರ ಸಾವಕಾಶ ಸಾಯ್ರಿ. ಪ್ರಿನ್ಸಿಪಾಲರ ಖೋಲಿ ಬಾಜೂಕೇ ಅದ.”

ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ಮೇಜಿನ ಕೆಳಗೆ ಕುಸಿದರು. ಮರುದಿನದಿಂದ ದೊಡ್ಡ ಡಿಕ್ಷನರಿಯನ್ನು ವೈಜನಾಥರೇ ಅವರ ಮೇಜಿನ ಮೇಲೆ ತಂದಿಟ್ಟಿರುತ್ತಿದ್ದರು.

ಮರುವರ್ಷ ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಭಾಷಣದ ಸ್ಪರ್ಧೆ. ಹುಮನಾಬಾದಿನಿಂದ ಹೋಗಲು ಯಾರೂ ಒಪ್ಪಲಿಲ್ಲ. ವೈಜನಾಥರು ತಾವಾಗಿಯೇ ವಿಶಾಖಾಳ ಹೆಸರು ಕೊಟ್ಟುಬಿಟ್ಟರು. ಅವಳ ತಾಯಿ ಸಖುಬಾಯಿ ಬೆಳಿಗ್ಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿದು, “ಹೊಟ್ಟಿ ತುಂಬ ಉಣ್ಣು, ಅಂದ್ರ ದನಿ ಬರ್ತದ,” ಎಂದು ಉಣಿಸಿ ಕಳಿಸಿದಳು.

ವೇದಿಕೆ ಹತ್ತಿದ ಮೇಲೆ ವಿಶಾಖಾಳಿಗೆ ಗೊತ್ತಾಯಿತು: ದನಿ ಬಂದಿದೆ, ಇಂಗ್ಲಿಷ್ ಬಂದಿಲ್ಲ. “ಫ್ರೆಂಡ್ಸ್” ಎಂದು ಜೋರಾಗಿ ಅಂದಳು. ಮುಂದಿನ ಪದ ನೆನಪಿಗೆ ಬರಲಿಲ್ಲ. ಮತ್ತೊಮ್ಮೆ ಅಂದಳು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮೊದಲ ಸಾಲಿನಲ್ಲಿ ಕೂತಿದ್ದ ರಾಬಿಯಾ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ವಿಶಾಖಾ ಅವಳತ್ತ ಬಾಗಿ, ಮೈಕಿಗೆ ಬಾಯಿ ಹಚ್ಚಿ, ಲೈಬ್ರರಿಯಲ್ಲಿ ಆಡುವಂತೆಯೇ ಪಿಸುಗುಟ್ಟಿದಳು.

ಪಿಸುಮಾತು ಮೈಕಿನಿಂದ ಹೊರಟು ಸಭಾಂಗಣದ ಮೂಲೆಮೂಲೆಗೂ ಹರಿಯಿತು. ಗುಟ್ಟು ಹೇಳುತ್ತಿದ್ದಾಳೆಂದು ಎಲ್ಲರೂ ಕಿವಿ ನಿಮಿರಿಸಿದರು. ಅವಳು ತಮ್ಮ ಮನೆಯ ಎಮ್ಮೆಯ ಕತೆ ಹೇಳತೊಡಗಿದಳು. ಮಹಾರಾಷ್ಟ್ರದ ಉದಗೀರದ ಸಂತೆಯಿಂದ ಅಪ್ಪ ತಂದ ಎಮ್ಮೆ. ಅದಕ್ಕೆ ಮರಾಠಿಯಷ್ಟೇ ಅರ್ಥವಾಗುತ್ತದೆ. ಅಪ್ಪ ಕನ್ನಡದಲ್ಲಿ ಬಾ ಎಂದರೆ ಹೋಗುತ್ತದೆ, ಹೋಗು ಎಂದರೆ ಮಲಗುತ್ತದೆ. ಕೊನೆಗೆ ಇಡೀ ಮನೆಯೇ ಮರಾಠಿ ಕಲಿಯಿತು. “ಬಫೆಲೋ ಈಸ್ ಅವರ್ ಟೀಚರ್” ಎಂದು ಅವಳು ಉಸುರಿದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಈ ನಗೆಯೇ ಬೇರೆ ಎಂದು ಅವಳಿಗೆ ಗೊತ್ತಾಯಿತು. ಅವಳಿಗೂ ನಗು ಬಂತು. ನಗುತ್ತಲೇ ಮುಗಿಸಿದಳು.

“ಎಲ್ಲರೂ ಒದರ್ಯಾರ, ನಮ್ಮ ಕಿವಿ ತನಕ ಬಂದಿದ್ದು ಇವಳದೊಂದೇ,” ಎಂದು ಹಿರಿಯ ತೀರ್ಪುಗಾರರು ಅವಳಿಗೆ ಎರಡನೆಯ ಬಹುಮಾನ ಕೊಟ್ಟರು.

ಮುಂದೆ ವಿಶಾಖಾ ಬಿ.ಇಡಿ. ಮುಗಿಸಿ ಅದೇ ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರಾದಳು. ರಾಬಿಯಾ ಹುಮನಾಬಾದಿನ ಔಷಧ ಕಾರ್ಖಾನೆಯ ಆಫೀಸು ಸೇರಿದಳು. ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಇಬ್ಬರೂ ಊರಿಗೆ ಮರಳುವ ಬಸ್ಸಿನಲ್ಲಿದ್ದರು. ಕಿಟಕಿ ಗಡಗಡ, ಇಂಜಿನ್ ಬುಸಬುಸ. ಪಿಸುಗುಟ್ಟಿದರೆ ಪಕ್ಕದವಳಿಗೂ ಕೇಳದು. ಅನಿವಾರ್ಯವಾಗಿ ಕೂಗಬೇಕಾಯಿತು. ಇಂಗ್ಲಿಷಿನಲ್ಲೇ ಕೂಗಿದರು. ಒಮ್ಮೆ ಕೂಗಿದ ಮೇಲೆ ನಿಲ್ಲಿಸಲು ಮನಸ್ಸಾಗಲಿಲ್ಲ. ದಾರಿಯಲ್ಲಿನ ರಾಜೇಶ್ವರ ಊರು ದಾಟುವಷ್ಟರಲ್ಲಿ ಹೊಲ, ಲಾರಿ, ಮೋಡ, ಮುಂದಿನ ಸೀಟಿನ ಅಜ್ಜ ತಲೆಗೆ ಸುತ್ತಿದ್ದ ಪಟಗಾ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೊಗಳಿ ಮುಗಿಸಿದ್ದರು.

“ಏನಂತಾರಪ್ಪಾ ನನಗ?” ಎಂದು ಅಜ್ಜ ಕಂಡಕ್ಟರನನ್ನು ಕೇಳಿದ.

“ನಿನ್ನ ಪಟಗಾ ಚಂದ ಅದ ಅಂತಾರ ಮುತ್ಯಾ.”

ಅಜ್ಜ ಪಟಗಾ ಸರಿಮಾಡಿಕೊಂಡು, ಹಿಂದಕ್ಕೆ ತಿರುಗಿ ಕೂತ. “ಹಂಗಾದ್ರ ಇನ್ನಾ ಅನ್ನ್ರಿ.”