ಎರಡು ಮಿಲಿಮೀಟರ್ ಗಾಜಿನೆಳೆ

ಆ ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಆಕೆಗಿಂತ ಹತ್ತು ವರ್ಷ ದೊಡ್ಡವರಾದ ಮುಖ್ಯ ಎಂಜಿನಿಯರ್ ಕೂಡ. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಅಳೆದು, ಕತ್ತರಿಸಿ, ಬೆಸೆಯುವುದು ಅಕ್ಕನ ಕೆಲಸ. ಮಹಡಿಯ ಮೇಲೆ ಸಾಲಾಗಿ ಹದಿನಾರು ಆಂಟೆನಾಗಳಿದ್ದವು. ರೇಡಿಯೋ ಸಂಕೇತ ಬೆಳಕಿನ ಬೆನ್ನೇರಿ, ಒಂದೊಂದು ಎಳೆಯಲ್ಲಿ ಒಂದೊಂದು ಆಂಟೆನಾಕ್ಕೆ ಹೋಗುತ್ತಿತ್ತು. ಎಳೆ ಉದ್ದವಾದಷ್ಟೂ ಸಂಕೇತ ತಡವಾಗಿ ತಲುಪುತ್ತದೆ. ಆ ತಡವನ್ನು ಲೆಕ್ಕ ಹಾಕಿ ಹಂಚಿದರೆ, ಆಂಟೆನಾ ಅಲುಗಾಡದೆಯೇ ರೇಡಿಯೋ ಕಿರಣ ಬೇಕಾದ ದಿಕ್ಕಿಗೆ ತಿರುಗುತ್ತದೆ.

"ಮನೇಲಿ ನಾನು ಕರೆದ್ರೆ ಯಾರೂ ತಿರುಗಿ ನೋಡಲ್ಲ. ಇಲ್ಲಿ ಈ ಹದಿನಾರೂ ನಾನು ಹೇಳಿದ ಕಡೆ ನೋಡ್ತವೆ" ಎಂದು ಅಕ್ಕ ನಗುತ್ತಿದ್ದಳು.

ಕೊನೆಯ ನಾಲ್ಕು ಎಳೆಗಳು ಬಾಕಿ ಇದ್ದಾಗ ಆಕೆಯ ಗಂಡ ಕೂತಲ್ಲೇ ಕುಸಿದು ತೀರಿಕೊಂಡ. ಎರಡು ವಾರ ಕಳೆದ ಮೇಲೆ ಅತ್ತೆಯೇ ಹೇಳಿದರು: "ಗೋಡೆ ನೋಡ್ಕೊಂಡು ಕೂತ್ರೆ ಹುಚ್ಚು ಹಿಡಿಯುತ್ತೆ ಕಣಮ್ಮ, ಕೆಲಸಕ್ಕೆ ಹೋಗು. ಮಗನ್ನ ಕಳ್ಕೊಂಡಿದೀನಿ, ಸೊಸೇನೂ ಕಳ್ಕೊಳ್ಳೋ ಶಕ್ತಿ ನನಗಿಲ್ಲ."

ಅಕ್ಕ ಹೋದಳು. ನಾಲ್ಕನ್ನೂ ಬೆಸೆದಳು.

ಪರೀಕ್ಷೆಯ ದಿನ ಕಿರಣ ಹೇಳಿದ ಕಡೆ ನಿಲ್ಲಲಿಲ್ಲ, ಒಡೆದು ಪಕ್ಕಕ್ಕೆ ಚೆಲ್ಲಿತು. ಉದ್ದಗಳ ಲೆಕ್ಕ ಹಾಕಿಕೊಟ್ಟಿದ್ದ ಗಣಿತಜ್ಞನನ್ನು ಎಲ್ಲರೂ ಲೆಕ್ಕದಣ್ಣ ಎನ್ನುತ್ತಿದ್ದರು. ಮುಖ್ಯ ಎಂಜಿನಿಯರ್ ಅವನ ಮೇಲೆ ಹರಿಹಾಯ್ದರು. ಆತ ಮೂರು ದಿನ ಸರಿಯಾಗಿ ಊಟವನ್ನೂ ಮಾಡದೆ ಹಾಳೆಗಳನ್ನು ತಿರುವಿ ಹಾಕಿದ. ತಪ್ಪು ಸಿಗಲಿಲ್ಲ.

ಅವನ ಬಾಡಿದ ಮುಖ ನೋಡಿ ಅಕ್ಕನಿಗೆ ತನ್ನ ಕೆಲಸದ ಮೇಲೇ ಅನುಮಾನ ಬಂತು. ತನ್ನ ಎಳೆಗಳನ್ನು ಮತ್ತೆ ಅಳೆಯಲು ಕೂತಳು. ಮೊದಲು ಎರಡು ಮಿಲಿಮೀಟರ್ ಹೆಚ್ಚು ಬಿಟ್ಟುಕೊಂಡು, ಬೆಸೆಯುವ ಮುಂಚೆ ಅಷ್ಟನ್ನು ತೆಗೆಯುವುದು ಆಕೆಯ ರೂಢಿ. ಕೊನೆಯ ನಾಲ್ಕರಲ್ಲಿ ತೆಗೆದೇ ಇರಲಿಲ್ಲ; ಅಷ್ಟು ತಡವೇ ಕಿರಣ ಚೆಲ್ಲಲು ಸಾಕಾಗಿತ್ತು.

ನೇರ ಹೋಗಿ ಇಬ್ಬರ ಮುಂದೆಯೂ ನಿಂತಳು. "ಸಾರ್, ಲೆಕ್ಕ ಸರಿಯಾಗಿದೆ. ತಪ್ಪು ನಂದು."

"ನೀವಾ? ಇಷ್ಟು ವರ್ಷದಲ್ಲಿ ಒಂದು ಸಲಾನೂ..." ಎಂದರು ಮುಖ್ಯ ಎಂಜಿನಿಯರ್.

"ಈ ಸಲ ಆಗಿದೆ. ಕಣ್ಣು ಎಳೆ ಮೇಲಿತ್ತು, ಮನಸ್ಸು ಇರ್ಲಿಲ್ಲ."

ಲೆಕ್ಕದಣ್ಣ ಕುರ್ಚಿ ಎಳೆದು ಆಕೆಯನ್ನು ಕೂರಿಸಿದ.

"ಅಕ್ಕಾ, ನೀವು ಕತ್ತರಿಸಿ. ನಾನು ಪಕ್ಕದಲ್ಲೇ ಕೂತು ಅಳೀತೀನಿ."

ಆಗ ಅಕ್ಕ ಅತ್ತಳು, ಗಂಡ ಹೋದ ಮೇಲೆ ಮೊದಲ ಸಲ.

ಸಂಜೆಯೊಳಗೆ ನಾಲ್ಕೂ ಸರಿಯಾದವು. ಮರುದಿನ ಕಿರಣ ಹೇಳಿದ ಕಡೆ ತಿರುಗಿ ನಿಂತಿತು. ಮುಖ್ಯ ಎಂಜಿನಿಯರ್ ಎಲ್ಲರೆದುರೇ ಲೆಕ್ಕದಣ್ಣನ ಕ್ಷಮೆ ಕೇಳಿದರು. ಪ್ರತಿ ಎಳೆಯನ್ನೂ ಇಬ್ಬರು ಅಳೆಯಬೇಕು ಎಂಬ ನಿಯಮವನ್ನು ಅಕ್ಕನೇ ಕೇಳಿ ಮಾಡಿಸಿದಳು. ಆಮೇಲೂ ಒಂಬತ್ತು ವರ್ಷ ಆಕೆ ಅಲ್ಲೇ ದುಡಿದಳು.