ಹಸಿರು ಬಳಿದ ಚರ್ಮದ ಪಟ್ಟಿ

ಕಳೆದ ವಾರ ತಂಗಿಯ ಮಗ ಒತ್ತಾಯ ಮಾಡಿ ಮಣಿಪಾಲದ ಹೊಸ ಸಲೂನಿಗೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಮೇಲೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಕ್ಷೌರದ ಕತ್ತಿಯನ್ನು ಸವರುವ ಹಳೆಯ ಚರ್ಮದ ಪಟ್ಟಿ. ತುದಿಯಲ್ಲಿ ಹಿತ್ತಾಳೆಯ ಬಳೆ, ಬಳೆಯ ಬುಡದಲ್ಲಿ ಕೆಂಪು ನೂಲಿನ ಹೊಲಿಗೆ, ನಡುವೆ ಗೇಣುದ್ದದ ಮಾಸಲು ಹಸಿರು ಕಲೆ. ನೋಡಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಆ ಹೊಲಿಗೆ ನನಗೆ ಗೊತ್ತು. ಆ ಹಸಿರು ಇನ್ನೂ ಚೆನ್ನಾಗಿ ಗೊತ್ತು...

ಅದು ಕಟಪಾಡಿಯ ನಮ್ಮ ಕ್ಷೌರದಂಗಡಿಯವರ ಪಟ್ಟಿ. ಹೆದ್ದಾರಿ ಅಗಲವಾಗುವ ಮೊದಲು ಬಸ್ಸು ನಿಲ್ಲುವಲ್ಲಿ ಅವರದ್ದು ಒಂದೇ ಕುರ್ಚಿಯ ಅಂಗಡಿ ಇತ್ತು. ನಮ್ಮ ಮನೆಯ ಮಾತು ಕೊಂಕಣಿ, ಅವರದ್ದು ತುಳು, ನಡುವೆ ಇಬ್ಬರಿಗೂ ಶಾಲೆಯ ಕನ್ನಡ. ಊರಿಗೆ ಊರೇ ಬಿಸಾಡುವ ಬ್ಲೇಡಿಗೆ ಬದಲಾದ ಮೇಲೂ, ಕೇಳಿದವರಿಗೆ ಅವರು ಮಡಚುವ ಕತ್ತಿಯಲ್ಲೇ ಕ್ಷೌರ ಮಾಡುತ್ತಿದ್ದರು. ಪಾರ್ಶ್ವವಾಯು ಬಡಿದು ಮಲಗಿದ್ದ ನನ್ನ ಅಪ್ಪನಿಗಾಗಿ ಪ್ರತಿ ಬುಧವಾರ ಮನೆಗೆ ಬರುತ್ತಿದ್ದರು. ಅಪ್ಪನ ಚರ್ಮ ನೆನೆದ ಕಾಗದದ ಹಾಗೆ ಆಗಿತ್ತು. ರಕ್ತ ತೆಳುವಾಗುವ ಮಾತ್ರೆ ಬೇರೆ ನುಂಗುತ್ತಿದ್ದರು. ಸಣ್ಣ ಗಾಯವಾದರೂ ರಕ್ತ ನಿಲ್ಲುತ್ತಿರಲಿಲ್ಲ. ಅಪ್ಪ ಮುಖ ಮುಟ್ಟಲು ಬಿಡುತ್ತಿದ್ದದ್ದು ಅವರೊಬ್ಬರಿಗೆ ಮಾತ್ರ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನು. ಕತ್ತಿಗೆ ಹೊಳಪು ಕೊಡುವ ಹಸಿರು ಪೇಸ್ಟಿನ ಗಟ್ಟಿಯೊಂದನ್ನು ದುಬೈಯಿಂದ ಗೆಳೆಯನ ಕೈಯಲ್ಲಿ ತರಿಸಿ ಕೊಟ್ಟವನೂ ನಾನೇ. ಮೇಣದ ವಾಸನೆಯ ಆ ಗಟ್ಟಿಯನ್ನು ಅವರು ಮೂಸಿ ನೋಡಿದರು. ಅದನ್ನು ಯಾವುದರ ಮೇಲೆ ಹಚ್ಚುವುದು ಎಂದು ಗೊತ್ತುಮಾಡಲು ಅವರಿಗೆ ಒಂದು ಮಳೆಗಾಲವೇ ಹಿಡಿಯಿತು. ಉಚ್ಚಿಲದ ದೋಣಿಯವರಿಂದ ಹಾಯಿಬಟ್ಟೆ ತಂದರು, ನೇಯ್ಗೆ ಒರಟಾಯಿತು. ಅಡಿಕೆ ಹಾಳೆಗೆ ಹಚ್ಚಿದರು. ಅದರ ಗೆರೆಗಳಿಗೆ ಕತ್ತಿ ಎಡವಿತು. ಕೊನೆಗೆ ಹಾಲೆ ಮರದ ತುಂಡೊಂದನ್ನು ನುಣ್ಣಗೆ ಹೆರೆಸಿ ತಂದರು.

ಹಾಲೆ ಎಂದರೆ ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಊರವರು ಕಷಾಯಕ್ಕೆ ತೊಗಟೆ ಕೀಳುವ ಮರ. ಆ ತೊಗಟೆಯನ್ನು ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು, ಕಬ್ಬಿಣ ತಾಗಬಾರದು. ಕುರ್ಚಿಯಲ್ಲಿದ್ದ ರಿಕ್ಷಾದವರು ಕೇಳಿಯೇಬಿಟ್ಟರು: "ಎಂತ ಮಾರಾಯ್ರೆ, ಹಾಲೆಗೆ ಕತ್ತಿ ತಾಗಿಸುವುದಾ?"

"ಆಟಿಯ ಆ ಒಂದು ದಿನ ತಾಗಿಸುವುದಿಲ್ಲ. ಉಳಿದ ದಿನ ಅದು ಮರವೇ ಅಲ್ವಾ?" ಎಂದರು ಇವರು.

ಪೇಸ್ಟು ಹಲಗೆಗೆ, ಚರ್ಮ ಖಾಲಿ. ಅದು ಅವರ ಕಟ್ಟಳೆ. ಹಲಗೆಯಲ್ಲಿ ಅಲಗು ಹರಿತವಾಗುತ್ತದೆ, ಬರಿಯ ಚರ್ಮದಲ್ಲಿ ಸೌಮ್ಯವಾಗುತ್ತದೆ ಎನ್ನುತ್ತಿದ್ದರು. ನಾನು ಬಿಡಬೇಕಲ್ಲ! ಚರ್ಮಕ್ಕೆ ಮೆತ್ತನೆಯ ಗುಣ ಉಂಟು, ಪೇಸ್ಟಿನ ಕಣಗಳು ಅದರಲ್ಲಿ ಸಮನಾಗಿ ಕೂರುತ್ತವೆ, ವಿಡಿಯೋದಲ್ಲೂ ಹಾಗೇ ತೋರಿಸುತ್ತಾರೆ ಎಂದು ಪಾಠ ಮಾಡಿದೆ.

"ಕೂತದ್ದು ಏಳುವುದಿಲ್ಲ ಮಾಸ್ಟ್ರೇ. ಈ ಚರ್ಮ ಪಳಗಲಿಕ್ಕೆ ನನ್ನ ಅರ್ಧ ಆಯುಷ್ಯ ಹೋಗಿದೆ."

ಒಂದು ಬುಧವಾರ ಕತ್ತಿ ಗಲ್ಲದ ಕೆಳಗೆ ಕೂದಲನ್ನು ಸ್ವಲ್ಪ ಎಳೆದು ಅಪ್ಪ ನರಳಿದರು. ನನಗೆ ಅಷ್ಟೇ ಸಾಕಾಯಿತು. ಮುಂದಿನ ವಾರ ಅವರು ಬಾವಿಕಟ್ಟೆಗೆ ಕೈ ತೊಳೆಯಲು ಹೋದಾಗ, ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟಿದ್ದ ಪಟ್ಟಿಗೆ ಅವರ ಚೀಲದಲ್ಲಿದ್ದ ಹಸಿರು ಗಟ್ಟಿಯನ್ನು ಗಸಗಸ ತಿಕ್ಕಿದೆ. ಬಂದ ಮೇಲೆ ತೋರಿಸಿ ಗೆಲ್ಲುವ ಹುಮ್ಮಸ್ಸು ನನಗೆ. ಥೂ, ಈಗ ನೆನೆದರೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಅವರು ಬಂದರು, ನೋಡಿದರು. ಹೆಗಲ ಮೇಲಿನ ಬೈರಾಸಿನಿಂದ ಎರಡು ಸಲ ಒರೆಸಿದರು. ಹಸಿರು ಇನ್ನಷ್ಟು ಒಳಗೆ ಹೋಯಿತು. ಪಟ್ಟಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿ, ಎಡಗೈ ಚಾಚಿ, ಬರಿಯ ಅಂಗೈಯ ಮೇಲೆ ಕತ್ತಿಯನ್ನು ಆಚೆ ಈಚೆ ಸವರತೊಡಗಿದರು. ಬಹಳ ಹೊತ್ತು ಸವರಿದರು. ಆಮೇಲೆ ಅಪ್ಪನ ಕ್ಷೌರ ಮಾಡಿದರು.

ನಾನು ಹೊಸ ಪಟ್ಟಿ ತರಿಸಿಕೊಟ್ಟೆ. ರಟ್ಟಿನಂಥ ಚರ್ಮ, ಅವರು ಅದನ್ನು ಅಂಗಡಿಯಲ್ಲಿ ತೂಗುಹಾಕಿದರು, ಬಳಸಲಿಲ್ಲ. ಗಿರಾಕಿಗಳಿಗೆಲ್ಲ ಬ್ಲೇಡು ಹಿಡಿದರು. ಯಾಕೆಂದು ಯಾರಾದರೂ ಕೇಳಿದರೆ "ಚರ್ಮ ಹಳತಾಯಿತು" ಎನ್ನುತ್ತಿದ್ದರಂತೆ. ಆದರೆ ಅಪ್ಪನಿಗೆ ಮಾತ್ರ ಅದೇ ಕತ್ತಿ, ಅದೇ ಅಂಗೈ. ಎಪ್ಪತ್ತು ದಾಟಿದ, ನಡುಕ ಶುರುವಾಗಿದ್ದ ಕೈ. ಅಪ್ಪ ತೀರಿಕೊಳ್ಳುವವರೆಗೂ ಅವರ ಮುಖದ ಮೇಲೆ ಒಂದು ಗೆರೆ ಬೀಳಲಿಲ್ಲ. ಗೆರೆ ಬಿದ್ದದ್ದು ಇವರ ಅಂಗೈಗೆ. ಒಂದು ಬುಧವಾರ ಬಟ್ಟೆ ಸುತ್ತಿಕೊಂಡೇ ಬಂದಿದ್ದರು. ನಾನು ಕೇಳಿದರೆ, "ಎಂತ ಇಲ್ಲ."

ಅದೇ ನನ್ನ ಸಿಟ್ಟು. ಎಂತ ಇಲ್ಲವಂತೆ! ಇಷ್ಟು ಕಲಿತವನಿಗೆ ಇಷ್ಟೂ ಬುದ್ಧಿ ಇಲ್ಲವಾ ಎಂದು ಒಮ್ಮೆ ಉಗಿದಿದ್ದರೆ ಅವರ ಗಂಟು ಹೋಗುತ್ತಿತ್ತೇ? ಕ್ಷಮೆ ಕೇಳಲಿಕ್ಕೆ ನನಗೊಂದು ದಾರಿಯಾಗುತ್ತಿತ್ತು. ಅಪ್ಪನ ಬೊಜ್ಜ, ಅವರ ತುಳುವಿನಲ್ಲಿ ಉತ್ತರಕ್ರಿಯೆ, ಆದ ಮೇಲೆ... ಅಲ್ಲ, ಇಗರ್ಜಿಗೆ ಹೋಗುವ ನಮ್ಮಲ್ಲಿ ಅದು ತಿಂಗಳ ಪೂಜೆ, ಅದಾದ ಮೇಲೆ ಒಂದು ಸಂಜೆ ಬಂದು ಆ ಹಾಲೆಯ ಹಲಗೆಯನ್ನು ನನ್ನ ಕೈಗಿಟ್ಟರು. "ಇನ್ನು ಮುಂದೆ ಇದಕ್ಕೆ ಹಚ್ಚಿ ಮಾಸ್ಟ್ರೇ," ಎಂದರು. ಬೈಗುಳವೆಂದರೆ ಅಷ್ಟೇ.

ಆಮೇಲೆ ಅವರೂ ತೀರಿಹೋದರು. ರಸ್ತೆಗಾಗಿ ಅಂಗಡಿ ಕೆಡವಿದಾಗ ಸಾಮಾನೆಲ್ಲ ಗುಜರಿಗೆ ಹೋಯಿತು. ಗುಜರಿ ಅಂಗಡಿಗೆ ಹತ್ತು ನಿಮಿಷದ ದಾರಿ. ಹೋಗಿ ಆ ಪಟ್ಟಿ ಕೇಳುವ ಮುಖ ನನಗಿರಲಿಲ್ಲ.

ಸಲೂನಿನ ಹುಡುಗ ನಾನು ನೋಡುವುದನ್ನು ಕಂಡು ಉತ್ಸಾಹದಿಂದ ಹತ್ತಿರ ಬಂದ. "ಒರಿಜಿನಲ್ ಪೀಸ್ ಸರ್. ಆ ಗ್ರೀನ್ ಕಲರ್ ನೋಡಿ, ಹಳೆ ಕಾಲದ ಮಾಸ್ಟರ್‌ಗಳ ಕೈಗುರುತು. ಎಲ್ಲರೂ ಅದರ ಜೊತೆ ಫೋಟೋ ತೆಗೆಸಿಕೊಳ್ತಾರೆ."

"ಅದು ಅವರ ಕೈಗುರುತಲ್ಲ!" ಎಂದು ಕೂಗಿಬಿಟ್ಟೆ. "ಅದು ನನ್ನದು. ಆ ಚರ್ಮವನ್ನು ಹಾಳು ಮಾಡಿದವನು ನಾನು."

ತಮಾಷೆಯೆಂದುಕೊಂಡು ಹುಡುಗ ನಕ್ಕ. ತಂಗಿಯ ಮಗ ನಾಚಿಕೆಯಿಂದ ನನ್ನ ಅಂಗಿ ಎಳೆದ. ಕ್ಷೌರ ಮಾಡಿಸಿಕೊಳ್ಳದೆ ಎದ್ದು ಬಂದೆ.

ಅವರ ಕೈಗುರುತು ಅಪ್ಪನ ಮುಖದ ಮೇಲಿತ್ತು. ಒಂದು ಗೆರೆಯೂ ಇಲ್ಲದ ಆ ಮುಖವನ್ನು ಮಣ್ಣು ಮಾಡಿ ಬಂದವನೂ ನಾನೇ.