ಮುಳ್ಳು ನಿಂತ ಜಾಗ

ಈ ಸಲ ಮಳೆ ಕಡಿಮೆಯಾದ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆದು ಪ್ಲಗ್ಗಿಗೆ ಹಾಕಿದೆ. ಮಳೆಗಾಲವಿಡೀ ಅದರ ಮೇಲೆ ಕೂತಿದ್ದ ಧೂಳು ಬಿಸಿಯಾಗಿ, ಸುಟ್ಟೂ ಸುಡದಂಥ ಒಂದು ವಾಸನೆ ಎದ್ದಿತು. ಸೀರೆ ಮೇಜಿನ ಮೇಲೆ ಹಾಗೇ ಉಳಿಯಿತು. ಕಾಗಾಲದಿಂದ ಹೊನ್ನಾವರದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಪಕ್ಕದ ಮನೆಯಲ್ಲಿ ಮೊದಲ ಸಲ ಮೂಸಿದ ವಾಸನೆ ಅದು... ಟ್ಯಾಕ್ಸಿಯಣ್ಣನ ರೇಡಿಯೊ ಬಿಸಿಯೇರುವಾಗಿನ ವಾಸನೆ.

ಟ್ಯಾಕ್ಸಿಯಣ್ಣನಿಗೆ ಬೇರೆ ಹೆಸರಿತ್ತು, ಆದರೆ ಕೇರಿಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಅವರ ಕಪ್ಪು ವಿಲಾಯತಿ ಕಾರು ಒಂದು ಕಾಲಕ್ಕೆ ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ ಓಡುತ್ತಿತ್ತಂತೆ. ನಾನು ಬರುವ ಹೊತ್ತಿಗೆ ಕಾರು ಗುಜರಿಗೆ ಹೋಗಿ, ಅದರ ರೇಡಿಯೊ ಮಾತ್ರ ಮನೆಯಲ್ಲಿತ್ತು. ಎತ್ತಿದರೆ ಕೈ ಸೋಲುವಷ್ಟು ಭಾರದ ಕಬ್ಬಿಣದ ಪೆಟ್ಟಿಗೆ. ಮುಂದೆ ಒಂದು ಗಾಜು, ಗಾಜಿನ ಹಿಂದೆ ಸ್ಟೇಶನ್ ತೋರಿಸುವ ಕೆಂಪು ಮುಳ್ಳು, ಆಚೀಚೆ ಎರಡು ಗುಂಡಿ.

ಮೊದಲ ವರ್ಷದ ಮಹಾಲಯ ಅಮಾವಾಸ್ಯೆಗೆ ಅವರ ಮನೆಗೆ ವಡೆ ಕೊಡಲು ಹೋಗಿದ್ದೆ. ಒಳಕೋಣೆಯಲ್ಲಿ ಹಿರಿಯರಿಗೆಲ್ಲ ಎಡೆ ಬಡಿಸಿ ಆಗಿತ್ತು. ಪಕ್ಕದಲ್ಲಿ ಇನ್ನೊಂದು ಚಿಕ್ಕ ಎಲೆ, ಅದರಲ್ಲಿ ಹುರಿದ ಬಂಗಡೆ, ಸಿಹಿಗೆ ಸುಕ್ಕಿನುಂಡೆ. ಆ ಎಲೆಯ ಮುಂದೆ ಊಟಕ್ಕೆ ಕೂರುವ ಮಣೆ ಹಾಕಿ ಟ್ಯಾಕ್ಸಿಯಣ್ಣ ಅದರ ಮೇಲೆ ರೇಡಿಯೊ ಇಡುತ್ತಿದ್ದರು.

"ಎಂತಕ್ಕೆ ಅಣ್ಣ, ರೇಡಿಯೊಗೂ ಮಣೆ?" ಎಂದು ನಕ್ಕೆ. ಆಗ ನನ್ನ ಬಾಯಿಗೆ ಬೀಗವಿರಲಿಲ್ಲ.

"ಕಬ್ಬಿಣಕ್ಕೆ ಕಬ್ಬಿಣ ತಾಗಬಾರ್ದು ತಂಗಿ. ಇದ್ರ ಮೈಯೆಲ್ಲ ಪ್ಲಸ್ಸು," ಎಂದರು ಅವರು, ನಗದೆ.

ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಕಾರಿನ ಮೈಗೆ ಕೊಟ್ಟಿರುತ್ತಾರೆ. ಆ ಹಳೆಯ ಕಾರಿನಲ್ಲಿ ಅದು ತಿರುವುಮುರುವು. ಹಾಗಾಗಿ ರೇಡಿಯೊದ ಪೆಟ್ಟಿಗೆಗೆ ಪ್ಲಸ್ಸಿನ ಕೆಂಪು ವೈರು, ಹಿಂದಿನಿಂದ ಬಾಲದಂತೆ ಹೊರಬಂದ ತಂತಿಗೆ ಮೈನಸ್ಸಿನ ಕಪ್ಪು ವೈರು. ರೂಢಿಯಂತೆ ಜೋಡಿಸಿದರೆ ಹೊಗೆ ಗ್ಯಾರಂಟಿ. ಅವರು ಮೊದಲು ಸ್ಪೀಕರ್ ಜೋಡಿಸಿದರು. ಆಮೇಲೆ ಬರೀ ಒಂದು ಬಿಡಿ ಬ್ಯಾಟರಿ, ನಡುವೆ ಫ್ಯೂಸು, ಫ್ಯೂಸಿನಾಚೆ ಕಾರಿನದೇ ಒಂದು ಹೆಡ್‌ಲೈಟ್ ಬಲ್ಬು. ಬಲ್ಬು ಪ್ರಖರವಾಗಿ ಉರಿದರೆ ಒಳಗೆ ಶಾರ್ಟ್ ಆಗಿದೆ ಎಂದು ಲೆಕ್ಕ, ತಕ್ಷಣ ಕಿತ್ತುಬಿಡಬೇಕು. ಅವತ್ತು ಮಂಕಾಗಿ ಉರಿಯಿತು. ಬಲ್ಬನ್ನು ತಪ್ಪಿಸಿ ನೇರವಾಗಿ ಕೊಟ್ಟಾಗ ಪೆಟ್ಟಿಗೆ ಗುಂಯ್ ಎಂದಿತು, ಗಾಜಿನ ಹಿಂದೆ ಹಳದಿ ಬೆಳಕು ಬಂತು. ಆಮೇಲೆ ಆ ಧೂಳಿನ ವಾಸನೆ. ಕೊನೆಗೆ ಸದ್ದು... ಬರೀ ಸೊಂಯ್ ಎನ್ನುವ ಸದ್ದು.

ಯಾವುದಾದರೂ ಹಾಡು ಸಿಗಲಿ ಎಂದು ನಾನು ಬಲಗಡೆಯ ಗುಂಡಿಗೆ ಕೈ ಹಾಕಿದೆ. ಟ್ಯಾಕ್ಸಿಯಣ್ಣ ನನ್ನ ಮಣಿಕಟ್ಟು ಹಿಡಿದರು.

"ಅದನ್ನ ಮುಟ್‌ಬ್ಯಾಡ."

ಎಡೆ ಇಟ್ಟ ಮೇಲೆ, ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುವುದು ನಮ್ಮಲ್ಲಿ ಪದ್ಧತಿ. ಒಳಗೆ ರೇಡಿಯೊ ಸೊಂಯ್ ಎನ್ನುತ್ತಲೇ ಇತ್ತು. ಜಗಲಿಯಲ್ಲಿ ಅವರ ಹೆಂಡತಿ, ನಾನು ಅತ್ತಿಗೆ ಎಂದೇ ಕರೆಯುತ್ತಿದ್ದವರು, ಸೆರಗಿನ ತುದಿ ಸುತ್ತುತ್ತ ನನಗೆ ಮಗಳ ಕಥೆ ಹೇಳಿದರು.

ಒಬ್ಬಳೇ ಮಗಳು. ಮಳೆಗಾಲದ ಜ್ವರ ನೆತ್ತಿಗೇರಿತ್ತು. ದಕ್ಷಿಣದ ದೊಡ್ಡಾಸ್ಪತ್ರೆಗೆ ಒಯ್ಯೋಣವೆಂದು ಟ್ಯಾಕ್ಸಿಯಣ್ಣ ಅವಳನ್ನು ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟರು. ಮಂಕಿ ದಾಟಿದ ಮೇಲೆ ಅವಳೇ ಕೈ ಚಾಚಿ ರೇಡಿಯೊದ ಬಲಗಡೆಯ ಗುಂಡಿ ತಿರುಗಿಸಿ, ಮುಳ್ಳನ್ನು ಒಂದು ಕಡೆ ನಿಲ್ಲಿಸಿದಳು. ಹಾಡು ಬಂತು. ಕೇಳುತ್ತ ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತೆಂದು ಇವರಿಗೆ ಸಮಾಧಾನ. ಭಟ್ಕಳದ ಪೇಟೆಯಲ್ಲಿ ಗಾಡಿ ನಿಲ್ಲಿಸಿ ನೀರು ಬೇಕಾ ಎಂದು ಕೇಳಿದಾಗ ರೇಡಿಯೊ ಇನ್ನೂ ಹಾಡುತ್ತಿತ್ತು...

"ಶಿರಾಲಿಯಲ್ಲೋ, ಅದ್ರಾಚೆಗೋ. ಯಾವ ಹಾಡಿಗೆ ಜೀವ ಹೋಯ್ತೋ, ಇವ್ರಿಗೂ ಗೊತ್ತಿಲ್ಲ," ಎಂದರು ಅತ್ತಿಗೆ. "ಆ ಸ್ಟೇಶನ್ ನಿಂತು ಎಷ್ಟೋ ಕಾಲ ಆತು. ಆದ್ರೂ ಅವ್ಳು ನಿಲ್ಸಿದ ಜಾಗ ಬಿಡೂಕೆ ಇವ್ರು ತಯಾರಿಲ್ಲ. ನಂಗೆ ಈ ಸದ್ದು ಕೇಳಿದ್ರೆ ಎದೆ ಕಿತ್ಕಂಡು ಬತ್ತದೆ. ಶರಾವತಿಗೆ ಎಸೀರಿ ಅಂದೆ. ಕೇಳೂದಿಲ್ಲ."

ಮಣೆಯ ಬಗ್ಗೆ ನಾನು ಮತ್ತೆ ನಗಲಿಲ್ಲ.

ಪ್ರತಿ ವರ್ಷ ಹಾಗೇ ನಡೆಯಿತು. ವರ್ಷಕ್ಕೊಮ್ಮೆ ಬಿಚ್ಚಿ ಒಳಗಿನ ಕೆಟ್ಟ ಬಿಡಿಭಾಗ ಬದಲಿಸುವರು, ಗಾಜು ಒರೆಸುವರು, ಆದರೆ ಬಲಗಡೆಯ ಗುಂಡಿಗೆ ಬಟ್ಟೆ ಸಹ ತಾಗಿಸುತ್ತಿರಲಿಲ್ಲ. ಒಂದು ವರ್ಷ ಎಡೆ ತಡವಾಗಿ ಸಂಜೆಯಾಗಿತ್ತು. ಬಾಗಿಲ ಹೊರಗೆ ನಾವು ಮೂವರೂ ಕೂತಿದ್ದಾಗ, ಒಳಗಿನ ಸದ್ದಿನ ಅಡಿಯಿಂದ ಒಂದು ಹೆಣ್ಣುದನಿ ಬಂತು. ಮಾತೋ ಹಾಡೋ ತಿಳಿಯಲಿಲ್ಲ. ಭಾಷೆಯೂ ತಿಳಿಯಲಿಲ್ಲ. ಅತ್ತಿಗೆ ಎದ್ದು ನಿಂತರು.

"ಹೊತ್ತು ಮುಳುಗಿದ್ರೆ ದೂರದ ಸ್ಟೇಶನ್ ಎಳೀತದೆ. ಎಂತದೂ ಅಲ್ಲ," ಎಂದರು ಟ್ಯಾಕ್ಸಿಯಣ್ಣ.

ಅತ್ತಿಗೆ ಹೋಗಿ ಬಾಗಿಲಿಗೆ ಕಿವಿಯಿಟ್ಟು ನಿಂತವರು, ದನಿ ಪೂರ್ತಿ ಕರಗುವವರೆಗೂ ಅಲ್ಲಿಂದ ಸರಿಯಲಿಲ್ಲ. ಅಂದಿನಿಂದ ಅವರು ರೇಡಿಯೊ ಎಸೆಯುವ ಮಾತು ಎತ್ತಲಿಲ್ಲ. ಎಡೆಯನ್ನು ಸಂಜೆಗೇ ಇಡೋಣ ಎಂದು ಅವರೇ ಹೇಳತೊಡಗಿದರು.

ಮೊದಲು ಅತ್ತಿಗೆ ಹೋದರು. ಟ್ಯಾಕ್ಸಿಯಣ್ಣ ಹಾಸಿಗೆ ಹಿಡಿದಾಗ ರೇಡಿಯೊ, ಬಲ್ಬು, ಮಣೆ ಮೂರನ್ನೂ ನಮ್ಮ ಮನೆಗೆ ಕಳಿಸಿದರು. ನೋಡಲು ಹೋದಾಗ, "ನಿಂಗೆ ಎಲ್ಲ ಗೊತ್ತದೆ ತಂಗಿ," ಎಂದಷ್ಟೇ ಹೇಳಿದರು. ಗೊತ್ತಿತ್ತು ನಿಜ. ಆದರೆ ನನಗೆ ಧೈರ್ಯವಿರಲಿಲ್ಲ. ಅವರೂ ಹೋದ ಮೇಲೆ ನಮ್ಮ ಎಡೆಯ ಪಕ್ಕ ಆ ಮೂವರಿಗೊಂದು ಎಲೆ ಹಾಕುತ್ತ ಬಂದೆ, ರೇಡಿಯೊ ಮಾತ್ರ ಕಪಾಟು ಬಿಟ್ಟು ಹೊರಬರಲಿಲ್ಲ.

ಇಸ್ತ್ರಿ ಪೆಟ್ಟಿಗೆಯ ವಾಸನೆ ಬಂದ ದಿನ ರೇಡಿಯೊವನ್ನು ಹೊರತೆಗೆದೆ. ಅಮಾವಾಸ್ಯೆ ಹತ್ತಿರವಿತ್ತು. ಇಷ್ಟು ವರ್ಷ ಕೂತ ಸೆಟ್ಟಿಗೆ ಒಮ್ಮೆಲೇ ಕರೆಂಟು ಕೊಡಬಾರದೆಂದು ತಿಳಿದಿತ್ತು. ಸೀರೆಯಲ್ಲಿ ಸುತ್ತಿ ಭಟ್ಕಳದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ನನ್ನ ವಯಸ್ಸಿನ ಆಸುಪಾಸಿನವರು, ಹಳೆಯ ಸೆಟ್ಟು ಕಂಡು ಮುಖ ಅರಳಿತು. ಒಳಗಿನದನ್ನು ಬದಲಿಸಿ, ಪರೀಕ್ಷೆ ಮಾಡುವ ದಿನ ನನ್ನನ್ನು ಕರೆದರು. ನಾನು ಮಣೆಯನ್ನೂ ಒಯ್ದಿದ್ದೆ. ತಲೆ ತಿನ್ನುವಷ್ಟು ಹೇಳಿದೆ... ಪೆಟ್ಟಿಗೆಗೆ ಕೆಂಪು ವೈರು, ಮೊದಲು ಸ್ಪೀಕರ್, ಫ್ಯೂಸ್ ಮರೀಬೇಡಿ, ಬಲ್ಬು ನಡುವೆ ಇರಲಿ, ಕಬ್ಬಿಣದ ಮೇಜು ಬೇಡ.

"ಆತಮ್ಮ, ನೀವು ಹೇಳ್ದ ಹಾಗೇ," ಎಂದು ಅವರು ನಗುತ್ತ ಒಂದೊಂದನ್ನೂ ಹಾಗೇ ಮಾಡಿದರು. ಬಲ್ಬು ಮಂಕಾಗಿ ಉರಿಯಿತು. ಪೆಟ್ಟಿಗೆ ಗುಂಯ್ ಎಂದಿತು. ಹಳದಿ ಬೆಳಕು, ಆ ವಾಸನೆ, ಆ ಸದ್ದು. ನನ್ನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ನೋಡುವಷ್ಟರಲ್ಲಿ, ರಿಪೇರಿಯಾದ ಯಾವ ರೇಡಿಯೊಗೂ ಮಾಡುವ ಹಾಗೆ, ಅವರು ಬಲಗಡೆಯ ಗುಂಡಿ ಹಿಡಿದು ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿಯಾಗಿತ್ತು.

"ಪೂರಾ ಬ್ಯಾಂಡ್ ಚೊಲೋ ಅದೆ ಅಮ್ಮ," ಎಂದರು. ಆಮೇಲೆ ನನ್ನ ಮುಖ ನೋಡಿ, "ಎಂತ ಆತು?"

"ಎಂತ ಇಲ್ಲ. ಚೊಲೋ ಮಾಡಿದ್ರಿ," ಎಂದೆ. ಪಾಪ, ಅವರಿಗೆ ಹೇಳಿದವರು ಯಾರು?

ಅಮಾವಾಸ್ಯೆಯ ಸಂಜೆ ಎಲೆ ಹಾಕಿ, ಬಂಗಡೆ, ಸುಕ್ಕಿನುಂಡೆ ಬಡಿಸಿ, ಮಣೆಯ ಮೇಲೆ ರೇಡಿಯೊ ಇಟ್ಟೆ. ಮುಳ್ಳು ಎಲ್ಲಿತ್ತು... ನಡುವಿಗಿಂತ ಸ್ವಲ್ಪ ಎಡಕ್ಕೆ, ಇಷ್ಟೇ ನೆನಪು. ಅಂದಾಜಿನ ಮೇಲೆ ನಿಲ್ಲಿಸಿದೆ. ಬಾಗಿಲು ಹಾಕಿ ಒಬ್ಬಳೇ ಹೊರಗೆ ಕೂತೆ. ಹೊತ್ತು ಮುಳುಗುವಾಗ ಒಳಗಿನಿಂದ ಒಂದು ಹೆಣ್ಣುದನಿ ಕೇಳಿಸಿತು. ನನಗೇ ತಿಳಿಯದೆ ಎದ್ದು ಹೋಗಿ, ಅತ್ತಿಗೆಯ ಹಾಗೆ ಬಾಗಿಲಿಗೆ ಕಿವಿಯಿಟ್ಟೆ. ಮರದ ತಂಪು ಕೆನ್ನೆಗೆ ತಾಗಿದಾಗ ನೆನಪಾಯಿತು. ಮುಳ್ಳು ನಿಂತಿರುವುದು ನನ್ನ ಅಂದಾಜಿನ ಜಾಗದಲ್ಲಿ, ಆ ಹುಡುಗಿ ನಿಲ್ಲಿಸಿದ ಜಾಗದಲ್ಲಲ್ಲ. ಒಳಗೆ ಮಾತಾಡುತ್ತಿರುವುದು ಯಾರೋ ಬೇರೆ.